‘ಪೋಸ್ಟ್ ಮಾಡಿದೆ’ ಅಂದ್ರೆ, ಯಾರಿಗೆ?

ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ಮೆಟ್ರೋದಲ್ಲಿ ನೇತಾಡ್ತಾ ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಫೋನನ್ನ ಕಿಟಕಿ ಮೇಲಿಟ್ಟು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆ ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ. ನೀವು ದಿನಕ್ಕೆ ಹತ್ತು ಸಲ ಬಳಸೋ ಪದ. ಅದಕ್ಕೂ ಮೊದಲು ಒಂದು ಸಣ್ಣ ಜಗಳದ ಕಥೆ.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಅಜ್ಜಿ ಜಗಲಿ ಮೇಲೆ ಕೂತು ಬೇವು ಬಿಡಿಸ್ತಾ ಇದ್ರು. ಬೆಳಕು ಚೆನ್ನಾಗಿತ್ತು, ಒಂದು ಫೋಟೋ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದೆ. ಸಂಜೆ ಹೊತ್ತಿಗೆ ನೂರಾರು ಲೈಕ್. ಖುಷಿಯಲ್ಲಿ ಹೇಳಿದೆ: ‘ಅಜ್ಜಿ, ನಿನ್ನ ಫೋಟೋ ಪೋಸ್ಟ್ ಮಾಡ್ದೆ.’ ಅಜ್ಜಿ ಕೇಳಿದ್ರು: ‘ಯಾರಿಗೆ?’

‘ಯಾರಿಗೂ ಅಲ್ಲ ಅಜ್ಜಿ, ಸುಮ್ನೆ ಪೋಸ್ಟ್ ಮಾಡ್ದೆ.’

‘ಯಾರಿಗೂ ಅಲ್ದೇ ಪೋಸ್ಟ್ ಹೆಂಗೆ ಮಾಡ್ತೀಯ? ಅಡ್ರೆಸ್ ಬೇಡ್ವಾ?’

ನಾನು ನಕ್ಕೆ. ವಿವರಿಸೋಕೆ ಹೋದೆ, ಅಜ್ಜಿ ಒಪ್ಪಲಿಲ್ಲ. ‘ಹಂಗಾದ್ರೆ ನನ್ನ ಫೋಟೋ ಯಾರ್ಯಾರು ನೋಡಿದ್ರು ಅಂತ ನಿಂಗೇ ಗೊತ್ತಿಲ್ಲ’ ಅಂದ್ರು. ಅದು ನಿಜಾನೇ. ಬೆಂಗಳೂರಿಗೆ ವಾಪಸ್ ಬರೋ ಬಸ್ಸಲ್ಲಿ ನಿದ್ದೆ ಬರಲಿಲ್ಲ, ಈ ಪದದ ಹಿಂದೆ ಬಿದ್ದೆ. ಬೀಳ್ತಾ ಬೀಳ್ತಾ ಗೊತ್ತಾಗಿದ್ದು ಏನಂದ್ರೆ, ಅಜ್ಜಿಯ ‘ಪೋಸ್ಟ್’ ಮತ್ತು ನನ್ನ ‘ಪೋಸ್ಟ್’ ಒಂದೇ ಪದ ಅಲ್ಲ. ಕಾಗುಣಿತ ಒಂದೇ, ಉಚ್ಚಾರ ಒಂದೇ, ಹುಟ್ಟಿದ ಮನೆ ಬೇರೆ.

ಮೊದಲು ಈ ಪದ ನಮ್ಮ ಬಾಯಲ್ಲಿ ಎಲ್ಲೆಲ್ಲಿ ಓಡಾಡುತ್ತೆ ನೋಡಿ. ಕೆಪಿಎಸ್‌ಸಿ ಬರೆಯೋರು ‘ಎಷ್ಟು ಪೋಸ್ಟ್ ಕರೆದಿದ್ದಾರೆ?’ ಅಂತಾರೆ. ಕೆಲಸ ಸಿಕ್ಕಮೇಲೆ ‘ಪೋಸ್ಟಿಂಗ್ ಎಲ್ಲಿ?’ ಅಂತ ಕೇಳ್ತಾರೆ. ಘಾಟಿ ಹತ್ತೋಕೆ ಮುಂಚೆ ಚೆಕ್‌ಪೋಸ್ಟ್. ಫುಟ್‌ಬಾಲ್‌ನಲ್ಲಿ ಗೋಲ್ ಪೋಸ್ಟ್. ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂ. ಬ್ಯಾಂಕಲ್ಲಿ ಲೆಡ್ಜರ್ ಪೋಸ್ಟಿಂಗ್. ಸಿಮ್ ಕಾರ್ಡು ಪೋಸ್ಟ್‌ಪೇಯ್ಡ್. ಇಷ್ಟೆಲ್ಲ ಒಂದೇ ಪದವಾ?

ಅಲ್ಲ. ಇಂಗ್ಲಿಷ್ ನಿಘಂಟುಗಳು ಇದನ್ನ ಬೇರೆ ಬೇರೆ ಪದಗಳಾಗೇ ನಮೂದಿಸುತ್ತವೆ. ಅವುಗಳಲ್ಲಿ ಅತ್ಯಂತ ಹಳೆಯದು ಮರದ ಕಂಬ. ಲ್ಯಾಟಿನ್‌ನಲ್ಲಿ ‘ಪೋಸ್ಟಿಸ್’ ಅಂದ್ರೆ ಬಾಗಿಲಿನ ನಿಲುವು, ಕಂಬ. ಈ ಪದ ಸಾವಿರ ವರ್ಷಕ್ಕೂ ಹಿಂದೆಯೇ ಹಳೆಗಾಲದ ಇಂಗ್ಲಿಷ್‌ಗೆ ಬಂದಿತ್ತು. ಗೋಲ್ ಪೋಸ್ಟ್, ಲ್ಯಾಂಪ್ ಪೋಸ್ಟ್ ಎಲ್ಲ ಇದರ ಮಕ್ಕಳು. ಕುದುರೆ ರೇಸ್‌ನ ಕೊನೆಯಲ್ಲೂ ಒಂದು ಕಂಬ ಇರುತ್ತೆ. ಅದನ್ನ ಮೊದಲು ದಾಟಿದ ಕುದುರೆ ಗೆದ್ದ ಹಾಗೆ, ಎರಡನೆಯದು ಎಷ್ಟು ಹತ್ತಿರ ಇದ್ದರೂ ಲೆಕ್ಕಕ್ಕಿಲ್ಲ. ನಮ್ಮ ಲೋಕಸಭೆ, ವಿಧಾನಸಭೆ ಚುನಾವಣೆಯ ಪದ್ಧತಿಗೆ ‘ಫಸ್ಟ್ ಪಾಸ್ಟ್ ದ ಪೋಸ್ಟ್’ ಅನ್ನೋ ಹೆಸರು ಬಂದಿದ್ದು ಆ ಕಂಬದಿಂದಲೇ.

ಇನ್ನೊಂದು ಮನೆತನ ಲ್ಯಾಟಿನ್‌ನ ‘ಇಡು’ ಅನ್ನೋ ಕ್ರಿಯಾಪದದ್ದು. ‘ಪೋಸಿಟಸ್’ ಅಂದ್ರೆ ಇಟ್ಟದ್ದು, ನಿಲ್ಲಿಸಿದ್ದು. ಇದು ಇಟಲಿ, ಫ್ರಾನ್ಸ್ ದಾಟಿ ಇಂಗ್ಲೆಂಡಿಗೆ ಬರೋ ಹೊತ್ತಿಗೆ ಎರಡು ಕವಲಾಗಿತ್ತು. ಒಂದು ಕವಲಲ್ಲಿ ಸೈನಿಕನನ್ನ ‘ನಿಲ್ಲಿಸಿದ ಜಾಗ’. ಅಲ್ಲಿಂದ ಕಾವಲು ಠಾಣೆ, ಅಲ್ಲಿಂದ ಚೆಕ್‌ಪೋಸ್ಟ್, ಅಲ್ಲಿಂದ ಸರ್ಕಾರಿ ಹುದ್ದೆ. ನಮ್ಮ ‘ಠಾಣೆ’ ಪದವೂ ‘ಸ್ಥಾನ’ದಿಂದಲೇ ಬಂದಿದ್ದು, ಅದೂ ಜಾಗವೇ. ಹುತಾತ್ಮ ಯೋಧರ ಅಂತ್ಯಕ್ರಿಯೆಯಲ್ಲಿ ಊದುವ ‘ಲಾಸ್ಟ್ ಪೋಸ್ಟ್’ ಕೇಳಿರ್ತೀರಿ. ರಾತ್ರಿ ಅಧಿಕಾರಿ ಒಂದೊಂದೇ ಕಾವಲು ಜಾಗ ನೋಡ್ತಾ ಬಂದು ಕೊನೆಯದನ್ನೂ ಮುಗಿಸಿದ ಅಂತ ಸೂಚಿಸೋ ಬ್ಯೂಗಲ್ ಕರೆ ಅದು. ಇನ್ನು ಎಲ್ಲರೂ ಮಲಗಬಹುದು ಅಂತ ಅರ್ಥ. ಬೆಲ್ಜಿಯಂನ ಈಪರ್ ಪಟ್ಟಣದ ಮೆನಿನ್ ಗೇಟ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತವರಿಗಾಗಿ 1928ರಿಂದ ಸಂಜೆ 8 ಗಂಟೆಗೆ ಇದನ್ನ ಊದುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಶದಲ್ಲಿದ್ದಾಗ ಮಾತ್ರ ಅಲ್ಲಿ ನಿಂತಿತ್ತು.

ಇದೇ ‘ಇಡು’ ಮನೆತನದ ಇನ್ನೊಂದು ಕವಲು ಅಜ್ಜಿಯ ಪೋಸ್ಟ್. ಅದಕ್ಕೆ ಈಗಲೇ ಬರ್ತೀನಿ.

ಪೋಸ್ಟ್‌ಮಾರ್ಟಂನ ‘ಪೋಸ್ಟ್’ ಇವ್ಯಾವುಕ್ಕೂ ಸಂಬಂಧ ಇಲ್ಲದ್ದು. ಲ್ಯಾಟಿನ್‌ನಲ್ಲಿ ಅದರರ್ಥ ‘ನಂತರ’. ಗಡಿಯಾರದ ಪಿ.ಎಂ.ನಲ್ಲಿರೋ ಪಿ ಕೂಡ ಅದೇ, ಮಧ್ಯಾಹ್ನದ ನಂತರ. ಇಲ್ಲೊಂದು ತಮಾಷೆ ಇದೆ. ನಿಮ್ಮ ಸಿಮ್‌ನ ‘ಪೋಸ್ಟ್‌ಪೇಯ್ಡ್’ ಅಂದ್ರೆ ಮೊದಲು ಮಾತಾಡಿ, ಆಮೇಲೆ ದುಡ್ಡು ಕೊಡಿ. ಆದ್ರೆ 19ನೇ ಶತಮಾನದಲ್ಲಿ ಒಂದು ಪಾರ್ಸೆಲ್ ಮೇಲೆ ‘ಪೋಸ್ಟ್‌ಪೇಯ್ಡ್’ ಅಂತ ಬರೆದಿದ್ರೆ ಅಂಚೆ ವೆಚ್ಚವನ್ನ ಕಳಿಸಿದವರು ಮೊದಲೇ ಕಟ್ಟಿದ್ದಾರೆ ಅಂತ ಅರ್ಥ! ಅದೇ ಅಕ್ಷರಗಳು, ಪೂರಾ ಉಲ್ಟಾ ಅರ್ಥ. ಒಂದರಲ್ಲಿ ಪೋಸ್ಟ್ ಅಂದ್ರೆ ಅಂಚೆ, ಇನ್ನೊಂದರಲ್ಲಿ ಪೋಸ್ಟ್ ಅಂದ್ರೆ ಆಮೇಲೆ.

ಈಗ ಅಜ್ಜಿಯ ಪೋಸ್ಟ್.

ಫೋನಿಲ್ಲದ, ರೈಲಿಲ್ಲದ ಕಾಲದಲ್ಲಿ ರಾಜನಿಗೆ ದೂರದ ಸುದ್ದಿ ಬೇಗ ಬೇಕು. ಒಂದೇ ಕುದುರೆ, ಒಬ್ಬನೇ ಸವಾರ ಅಷ್ಟು ದೂರ ಒಂದೇ ಸಮನೆ ಓಡೋಕಾಗಲ್ಲ. ಅದಕ್ಕೆ ದಾರಿಯುದ್ದಕ್ಕೂ ಅಲ್ಲಲ್ಲಿ ಕುದುರೆ, ಸವಾರರನ್ನ ‘ಇಟ್ಟಿರ್ತಿದ್ರು’. ಒಬ್ಬ ಬಂದು ಚೀಲ ಕೊಟ್ಟ ತಕ್ಷಣ ಇನ್ನೊಬ್ಬ ಹೊರಡ್ತಿದ್ದ, ರಿಲೇ ಓಟದ ಹಾಗೆ. ಹಾಗೆ ಇಟ್ಟ ಜಾಗಕ್ಕೆ ಇಟಲಿಯಲ್ಲಿ ‘ಪೋಸ್ಟಾ’ ಅಂತಿದ್ರು. 1490ರ ಸುಮಾರಿಗೆ ಮ್ಯಾಕ್ಸಿಮಿಲಿಯನ್ ದೊರೆಗಾಗಿ ಟ್ಯಾಕ್ಸಿಸ್ ಮನೆತನದವರು ಈಗಿನ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ಈಗಿನ ಬೆಲ್ಜಿಯಂವರೆಗೆ ಇಂಥದ್ದೊಂದು ಸಾಲು ಕಟ್ಟಿದ್ರು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಬ್ರಯನ್ ಟ್ಯೂಕ್ ಅನ್ನೋ ಅಧಿಕಾರಿ ‘ಮಾಸ್ಟರ್ ಆಫ್ ದ ಪೋಸ್ಟ್ಸ್’ ಆದ. ಮೊದಮೊದಲು ಪೋಸ್ಟ್ ಅಂದ್ರೆ ಜಾಗ, ಆಮೇಲೆ ಆ ಸವಾರ, ಆಮೇಲೆ ಅವನ ಚೀಲದಲ್ಲಿದ್ದ ಕಾಗದ. ಅರ್ಥ ಕುದುರೆ ಬದಲಿಸ್ತಾ ಬದಲಿಸ್ತಾ ಮುಂದೆ ಹೋಯ್ತು. ಆ ಕಾಲದ ತುರ್ತು ಪತ್ರಗಳ ಮೇಲೆ ‘ಬೇಗ, ಪೋಸ್ಟ್, ಬೇಗ’ ಅಂತ ಸವಾರನಿಗೇ ಬರೆದಿರ್ತಿದ್ರು. ಕೆಲವು ಪತ್ರಗಳ ಮೇಲೆ ನೇಣುಗಂಬದ ಚಿತ್ರವೂ ಇದೆ. ತಡ ಮಾಡಿದ್ರೆ ಇದೇ ಗತಿ ಅಂತ. ಇವತ್ತು ಹತ್ತು ನಿಮಿಷದಲ್ಲಿ ದಿನಸಿ ತರಬೇಕಾದ ಡೆಲಿವರಿ ಹುಡುಗರಿಗೆ ಈ ಚಿತ್ರ ತೋರಿಸಿದ್ರೆ ನಗ್ತಾರೋ ಅಳ್ತಾರೋ.

ಈ ಯೋಚನೆ ಯುರೋಪಿನವರದ್ದು ಮಾತ್ರ ಅಂದ್ಕೋಬೇಡಿ. 14ನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ, ಮುಹಮ್ಮದ್ ಬಿನ್ ತುಘಲಕ್‌ನ ಕಾಲದ ವ್ಯವಸ್ಥೆಯನ್ನ ವಿವರವಾಗಿ ಬರೆದಿದ್ದಾನೆ. ಕುದುರೆ ಸವಾರರ ಜೊತೆಗೆ ಓಟಗಾರರೂ ಇದ್ರು. ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆ ಸದ್ದು ದೂರದಿಂದ ಕೇಳಿದ ಕೂಡಲೇ ಮುಂದಿನ ಓಟಗಾರ ಎದ್ದು ತಯಾರಾಗ್ತಿದ್ದ. ಕುದುರೆಗಿಂತ ಇವರೇ ಬೇಗ ಅಂತಾನೆ ಬತೂತ. ನಮ್ಮ ‘ಡಾಕ್’ ಪದದ ಮೂಲ ಅರ್ಥವೂ ಇಂಥ ಸರದಿ ಸಾಗಣೆಯೇ.

ಇಷ್ಟೂ ಹೊತ್ತು ನಾನು ಹೇಳಿದ್ದು ರಾಜನ ಪತ್ರಗಳ ಬಗ್ಗೆ. ಜನಸಾಮಾನ್ಯರ ಪತ್ರ? ಇಂಗ್ಲೆಂಡಿನಲ್ಲಿ 1635ರಲ್ಲಿ ಒಂದನೇ ಚಾರ್ಲ್ಸ್ ಈ ಸೇವೆಯನ್ನ ಅಧಿಕೃತವಾಗಿ ಎಲ್ಲರಿಗೂ ತೆರೆದ. 80 ಮೈಲಿ ಒಳಗಾದ್ರೆ ಒಂದು ಪತ್ರಕ್ಕೆ 2 ಪೆನ್ಸ್. ಉದಾರತೆ ಅಂತ ಅನ್ಸುತ್ತಾ? ರಾಜನಿಗೆ ದುಡ್ಡು ಬೇಕಿತ್ತು, ಅದೊಂದು ಕಾರಣ. ಇನ್ನೊಂದು ಕಾರಣ ಇದೆ. ಎಲ್ಲರ ಪತ್ರವೂ ಒಂದೇ ಚೀಲದಲ್ಲಿ ಬಂದ್ರೆ, ಚೀಲ ಹಿಡಿದವರು ಎಲ್ಲರ ಪತ್ರವನ್ನೂ ಓದಬಹುದು. ರಾಜನ ತಲೆ ಹೋಗಿ ಕ್ರಾಮ್ವೆಲ್ ಬಂದಮೇಲೆ, 1657ರ ಅಂಚೆ ಕಾಯ್ದೆಯಲ್ಲಿ ಇದನ್ನ ಮುಚ್ಚುಮರೆ ಇಲ್ಲದೆ ಬರೆದ್ರು: ದೇಶದ ವಿರುದ್ಧದ ಸಂಚುಗಳನ್ನ ಪತ್ತೆ ಮಾಡೋಕೆ ಅಂಚೆ ಕಚೇರಿ ಒಳ್ಳೇ ಸಾಧನ ಅಂತ. ಕಾಯ್ದೆಯಲ್ಲೇ!

ಹೆಚ್ಚುಕಮ್ಮಿ ಅದೇ ಕಾಲಕ್ಕೆ ನಮ್ಮ ಮೈಸೂರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ‘ಅಂಚೆ’ಯ ವ್ಯವಸ್ಥೆ ಕಟ್ಟಿದ್ರು. ಮೈಸೂರಿನ ಇತಿಹಾಸ ಬರೆದ ಕರ್ನಲ್ ಮಾರ್ಕ್ ವಿಲ್ಕ್ಸ್ ಪ್ರಕಾರ ಅಂಚೆಯವರ ಕೆಲಸ ಕಾಗದ ಸಾಗಿಸೋದಷ್ಟೇ ಆಗಿರಲಿಲ್ಲ. ಊರೂರಲ್ಲಿ ಯಾರು ಏನು ಮಾತಾಡ್ತಿದ್ದಾರೆ ಅಂತ ಅರಮನೆಗೆ ಗುಟ್ಟಾಗಿ ತಿಳಿಸೋದೂ ಅವರ ಕೆಲಸ. ಹೈದರಾಲಿಯ ಕಾಲದಲ್ಲೂ ಈ ಜಾಲ ಕೆಲಸ ಮಾಡ್ತು. ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯ ಜೊತೆ ಸೇರಿಹೋಯ್ತು. ಹೆಸರು ಮಾತ್ರ ಉಳೀತು. ಕನ್ನಡದಲ್ಲಿ ನಾವಿನ್ನೂ ‘ಅಂಚೆ ಕಚೇರಿ’ ಅಂತೀವಿ. ಬಾಯಿಮಾತಲ್ಲಿ ‘ಪೋಸ್ಟಾಫೀಸ್’. ಸರ್ಕಾರಿ ಕಚೇರಿ ಒಳಗೆ ಹೋದ್ರೆ ಅದು ‘ಟಪಾಲು’. ಒಂದು ಲಕೋಟೆಗೆ ಮೂರು ಹೆಸರು.

ಲಕೋಟೆ ಅಂಟಿಸಿದ್ರೂ ಗುಟ್ಟು ಉಳಿಯುತ್ತೆ ಅಂತ ಖಾತ್ರಿ ಇಲ್ಲ ಅನ್ನೋದಕ್ಕೆ ನನಗಿಷ್ಟವಾದ ಕಥೆ 1844ರದ್ದು. ಇಟಲಿಯ ಕ್ರಾಂತಿಕಾರಿ ಮ್ಯಾಝಿನಿ ಆಗ ಲಂಡನ್‌ನಲ್ಲಿ ತಲೆಮರೆಸಿಕೊಂಡ ಹಾಗೆ ಬದುಕ್ತಿದ್ದ. ತನ್ನ ಪತ್ರಗಳನ್ನ ಯಾರೋ ತೆರೀತಿದ್ದಾರೆ ಅಂತ ಅನುಮಾನ. ಅವನೇನು ಮಾಡಿದ ಗೊತ್ತಾ? ತನ್ನ ವಿಳಾಸಕ್ಕೇ ಬರೋ ಪತ್ರಗಳಲ್ಲಿ ಗಸಗಸೆ ಕಾಳು, ಕೂದಲೆಳೆ, ಮರಳಿನ ಕಣ ಇಡೋ ಏರ್ಪಾಡು ಮಾಡಿದ. ಪತ್ರ ಕೈಗೆ ಬಂದಾಗ ಅವು ಇರಲಿಲ್ಲ. ಸಿಕ್ಕಿಬಿದ್ರು! ಸಂಸತ್ತಿನಲ್ಲಿ ಥಾಮಸ್ ಡಂಕೋಂಬ್ ಅನ್ನೋ ಸದಸ್ಯ ಪ್ರಶ್ನೆ ಎತ್ತಿದ, ಗೃಹ ಸಚಿವ ಜೇಮ್ಸ್ ಗ್ರಹಾಂ ಆದೇಶದ ಮೇಲೆ ಪತ್ರ ತೆರೆದಿದ್ದು ಹೊರಗೆ ಬಂತು. ಇಂಗ್ಲೆಂಡಿನ ಪತ್ರಿಕೆಗಳು ಸರ್ಕಾರವನ್ನ ಗೇಲಿ ಮಾಡಿ ಸಾಕು ಮಾಡಿದ್ವು. ಅದಕ್ಕೆ ನಾಲ್ಕು ವರ್ಷ ಮುಂಚೆ, 1840ರ ಮೇನಲ್ಲಿ, ರೋಲಂಡ್ ಹಿಲ್ ಯೋಜನೆಯಂತೆ ಒಂದು ಪೆನ್ನಿಯ ಅಂಚೆ ಚೀಟಿ ಬಂದಿತ್ತು. ಬಡವರೂ ಪತ್ರ ಬರೆಯೋಕೆ ಶುರು ಮಾಡಿದ್ರು. ನನ್ನ ಪತ್ರವನ್ನ ನನ್ನವರೇ ಓದಬೇಕು ಅನ್ನೋದು ಅರಮನೆಯವರ ಆಸೆಯಿಂದ ಎಲ್ಲರ ಹಕ್ಕಾಗಿ ಬದಲಾಗ್ತಿದ್ದ ಹೊತ್ತು ಅದು.

ಭಾರತದಲ್ಲಿ 1854ರ ಅಕ್ಟೋಬರ್‌ನಿಂದ ಅರ್ಧ ಆಣೆಗೆ ಕಾಲು ತೊಲದ ಪತ್ರ ದೇಶದ ಯಾವ ಮೂಲೆಗೂ ಹೋಗೋಕೆ ಶುರುವಾಯ್ತು. 1879ರಲ್ಲಿ ಕಾಲಾಣೆಯ ಪೋಸ್ಟ್‌ಕಾರ್ಡ್ ಬಂತು. ಪೋಸ್ಟ್‌ಕಾರ್ಡ್ ಒಂದು ವಿಚಿತ್ರ ವಸ್ತು. ವಿಳಾಸ ಒಬ್ಬರದ್ದೇ, ಆದ್ರೆ ಪೋಸ್ಟ್‌ಮ್ಯಾನ್ ಓದಬಹುದು, ಪಕ್ಕದ ಮನೆಯವರು ಓದಬಹುದು. ಎಷ್ಟೋ ಊರಲ್ಲಿ ಪೋಸ್ಟ್‌ಮ್ಯಾನ್ ಅಣ್ಣನೇ ಓದಿ ಹೇಳಬೇಕಿತ್ತು, ಮನೆಯವರಿಗೆ ಓದು ಬರ್ತಿರಲಿಲ್ಲ. ಅದಕ್ಕೇ ಜನ ಸಂಕೇತ ಮಾಡ್ಕೊಂಡ್ರು. ಮೂಲೆಗೆ ಅರಿಶಿನ ಹಚ್ಚಿದ್ರೆ ಮದುವೆ, ನಾಮಕರಣದಂಥ ಶುಭ ಸುದ್ದಿ. ಸಾವಿನ ಸುದ್ದಿಯ ಕಾರ್ಡನ್ನ ಓದಿದ ತಕ್ಷಣ ಬಾಗಿಲಲ್ಲೇ ಹರಿದು ಹಾಕ್ತಿದ್ರು, ಒಳಗೆ ತರ್ತಿರಲಿಲ್ಲ. ನಿಮ್ಮ ಮನೆಯ ಹಿರಿಯರನ್ನ ಕೇಳಿ ನೋಡಿ.

ಸರಿ, ಈಗ ನನ್ನ ಪೋಸ್ಟ್. ಇನ್‌ಸ್ಟಾಗ್ರಾಂ ಪೋಸ್ಟ್ ಇಷ್ಟು ಹೊತ್ತು ಹೇಳಿದ ಅಂಚೆಯಿಂದ ಬಂದಿದ್ದು ಅಂತಲೇ ನಾನೂ ನಂಬಿದ್ದೆ. ತಪ್ಪು. ಅದು ಕಂಬದ ಮನೆತನಕ್ಕೆ ಸೇರಿದ್ದು.

400 ವರ್ಷದ ಹಿಂದಿನ ಲಂಡನ್‌ಗೆ ಹೋಗೋಣ. ನಗರದ ಷರೀಫರ ಮನೆ ಬಾಗಿಲಲ್ಲಿ ಅಲಂಕಾರದ ಕಂಬಗಳಿರ್ತಿದ್ವು. ಸರ್ಕಾರಿ ಘೋಷಣೆಗಳನ್ನ ಅಲ್ಲಿ ಹಚ್ಚುತ್ತಿದ್ರು. ಷೇಕ್ಸ್‌ಪಿಯರ್ ನಾಟಕದಲ್ಲೂ ಈ ಷರೀಫನ ಕಂಬದ ಪ್ರಸ್ತಾಪ ಇದೆ. ಬೀದಿಯ ಬೇರೆ ಕಂಬಗಳ ಮೇಲೆ ನಾಟಕದ ಜಾಹೀರಾತು, ಹೊಸ ಪುಸ್ತಕಗಳ ಮೊದಲ ಪುಟ. ಷೇಕ್ಸ್‌ಪಿಯರ್‌ನ ಸಮಕಾಲೀನ ಬೆನ್ ಜಾನ್ಸನ್‌ಗೆ ಇದು ಒಂಚೂರೂ ಇಷ್ಟ ಇರಲಿಲ್ಲ. ನನ್ನ ಪುಸ್ತಕದ ಹೆಸರನ್ನ ಕಂಬಕ್ಕೆ ಅಂಟಿಸಿ ಹೋಗಿಬರೋರ ಮುಂದೆ ಬೇಡೋಕೆ ನಿಲ್ಲಿಸಬೇಡ ಅಂತ ತನ್ನ ಪುಸ್ತಕ ಮಾರೋನಿಗೆ ಒಂದು ಪದ್ಯದಲ್ಲೇ ತಾಕೀತು ಮಾಡಿದ. ಅವನಿಗೆ ಇನ್‌ಸ್ಟಾದಲ್ಲಿ ‘ಬಯೋದಲ್ಲಿ ಲಿಂಕ್ ಇದೆ’ ಅನ್ನೋರನ್ನ ತೋರಿಸಬೇಕಿತ್ತು.

ಹೀಗೆ ಕಂಬಕ್ಕೆ ಕಾಗದ ಹಚ್ಚೋ ಕೆಲಸಕ್ಕೆ 17ನೇ ಶತಮಾನದಲ್ಲಿ ‘ಟು ಪೋಸ್ಟ್’ ಅನ್ನೋ ಕ್ರಿಯಾಪದ ಹುಟ್ಟಿತು. ಅದರಿಂದ 19ನೇ ಶತಮಾನದಲ್ಲಿ ‘ಪೋಸ್ಟರ್’. ಗಾಂಧಿನಗರದ ಸಿನಿಮಾ ಪೋಸ್ಟರ್ ಈ ಲಂಡನ್ ಕಂಬದ ಮರಿಮಗ. ಕರ್ನಾಟಕದಲ್ಲಿ ಕಂಡಕಂಡಲ್ಲಿ ಪೋಸ್ಟರ್ ಹಚ್ಚೋದನ್ನ ತಡೆಯೋಕೆ 1981ರ ಒಂದು ಕಾಯ್ದೆಯೇ ಇದೆ. ಗೋಡೆಗಳನ್ನ ನೋಡಿದ್ರೆ ಹಾಗನ್ಸಲ್ಲ, ಆ ಮಾತು ಬೇರೆ.

ಕಂಬದ ಮೇಲೆ ಹಚ್ಚೋದು ಬರೀ ಘೋಷಣೆ, ಜಾಹೀರಾತು ಆಗಿರಲಿಲ್ಲ. ಮನುಷ್ಯರ ಹೆಸರನ್ನೂ ಹಚ್ತಿದ್ರು. ಅಮೆರಿಕದಲ್ಲಿ ದ್ವಂದ್ವಯುದ್ಧದ ಕಾಲ. ಒಬ್ಬ ಪಿಸ್ತೂಲಿನ ದ್ವಂದ್ವಕ್ಕೆ ಕರೀತಾನೆ, ಇನ್ನೊಬ್ಬ ಬರಲ್ಲ ಅಂತಾನೆ. ಆಗ ಕರೆದವನು ಊರ ತುಂಬ ‘ಇಂಥವನು ಹೇಡಿ’ ಅಂತ ಕಾಗದ ಹಚ್ಚುತ್ತಿದ್ದ. ಇದಕ್ಕೆ ಆ ಮನುಷ್ಯನನ್ನೇ ‘ಪೋಸ್ಟ್ ಮಾಡೋದು’ ಅಂತಿದ್ರು. 1807ರ ಡಿಸೆಂಬರ್‌ನಲ್ಲಿ ಜನರಲ್ ಜೇಮ್ಸ್ ವಿಲ್ಕಿನ್ಸನ್, ವರ್ಜೀನಿಯಾದ ಸಂಸದ ಜಾನ್ ರಾಂಡಾಲ್ಫ್‌ನನ್ನ ದ್ವಂದ್ವಕ್ಕೆ ಕರೆದ. ರಾಂಡಾಲ್ಫ್ ಸೊಪ್ಪು ಹಾಕಲಿಲ್ಲ. ವಾಷಿಂಗ್ಟನ್‌ನ ಬೀದಿಗಳಲ್ಲಿ ಅವನನ್ನ ಸುಳ್ಳ, ಹೇಡಿ ಅಂತೆಲ್ಲ ಬೈದ ಕರಪತ್ರಗಳು ಬಿದ್ದವು. ಯೋಚಿಸಿ: ಬೆಳಿಗ್ಗೆ ಎದ್ದು ಬೀದಿಗೆ ಬರ್ತೀರಿ, ಮೂಲೆಮೂಲೆಯಲ್ಲೂ ನಿಮ್ಮ ಹೆಸರು. ಓದೋರಿಗೆ ನಿಮ್ಮ ಪರಿಚಯ ಇಲ್ಲ, ಜಗಳದ ಹಿನ್ನೆಲೆ ಗೊತ್ತಿಲ್ಲ. ಗೊತ್ತಿರೋದು ಕಾಗದದಲ್ಲಿ ಬರೆದಿರೋದು ಮಾತ್ರ. ಯಾರದ್ದಾದ್ರೂ ಫೋಟೋ ಹಾಕಿ ‘ಇವನನ್ನ ವೈರಲ್ ಮಾಡಿ’ ಅನ್ನೋ ಪೋಸ್ಟ್ ನೋಡಿದಾಗೆಲ್ಲ ನನಗೆ ಈ ರಾಂಡಾಲ್ಫ್ ನೆನಪಾಗ್ತಾನೆ. ಅವನಿಗಾದ್ರೂ ಸಂಸತ್ತಿನಲ್ಲಿ ಎದ್ದು ನಿಂತು ಮಾತಾಡೋ ಅವಕಾಶ ಇತ್ತು.

ಅದೇ ‘ಪೋಸ್ಟ್’ಗೆ ಮನುಷ್ಯರನ್ನ ಕಟ್ಟಿ ಹೊಡೆಯೋದೂ ಇತ್ತು. ಅಮೆರಿಕದ ಡೆಲಾವೇರ್ ರಾಜ್ಯದಲ್ಲಿ ಹೀಗೆ ಕಂಬಕ್ಕೆ ಕಟ್ಟಿ ಕೊನೆಯ ಸಲ ಚಾವಟಿ ಏಟು ಕೊಟ್ಟಿದ್ದು 1952ರಲ್ಲಿ. ಅಲ್ಲಿನ ಜಾರ್ಜ್‌ಟೌನ್‌ನಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದ ಆ ಥರದ ಒಂದು ಕಂಬವನ್ನ ಕಿತ್ತಿದ್ದು 2020ರ ಜುಲೈನಲ್ಲಿ. ಆ ಕಂಬಕ್ಕೆ ಕಟ್ಟಿಸಿಕೊಂಡವರಲ್ಲಿ ಕಪ್ಪು ಜನರೇ ಹೆಚ್ಚು.

ಕಂಬ ಕಂಪ್ಯೂಟರ್ ಒಳಗೆ ಹೋಗಿದ್ದು ಹೇಗೆ? 1973ರ ಆಗಸ್ಟ್. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ರೆಕಾರ್ಡ್ ಅಂಗಡಿ. ಬ್ಯಾಂಡಿಗೆ ಗಿಟಾರ್‌ನವರು ಬೇಕು, ಡ್ರಮ್ ಮಾರಾಟಕ್ಕಿದೆ ಅಂತ ಸಂಗೀತಗಾರರು ಚೀಟಿ ಚುಚ್ಚೋ ಒಂದು ಬೋರ್ಡು ಅಲ್ಲಿತ್ತು. ಅದರ ಹತ್ತಿರವೇ ‘ಕಮ್ಯುನಿಟಿ ಮೆಮೊರಿ’ ಅನ್ನೋ ಗುಂಪಿನವರು ಒಂದು ಟೆಲಿಪ್ರಿಂಟರ್ ಇಟ್ರು. ಗಲಾಟೆ ಮಾಡೋ ಯಂತ್ರ, ಅದಕ್ಕೆ ರಟ್ಟಿನ ಪೆಟ್ಟಿಗೆ ಮುಚ್ಚಿ ಕೈ ತೂರಿಸೋಕೆ ತೂತು ಬಿಟ್ಟಿದ್ರು. ಫೋನ್ ತಂತಿ ಮೂಲಕ ದೂರದ ಕಂಪ್ಯೂಟರ್‌ಗೆ ಸಂಪರ್ಕ. ಯಾರು ಬೇಕಾದ್ರೂ ಬಂದು ಟೈಪ್ ಮಾಡಬಹುದು, ಯಾರು ಬೇಕಾದ್ರೂ ಹುಡುಕಬಹುದು. ಜನ ಅದನ್ನ ಏನೆಂದು ಅರ್ಥ ಮಾಡ್ಕೊಂಡ್ರು? ಪಕ್ಕದಲ್ಲೇ ಉತ್ತರ ನೇತಾಡ್ತಿತ್ತಲ್ಲ, ಚೀಟಿ ಚುಚ್ಚೋ ಬೋರ್ಡು.

ಐದು ವರ್ಷದ ನಂತರ, 1978ರ ಜನವರಿಯಲ್ಲಿ ಷಿಕಾಗೋದಲ್ಲಿ ಭಾರೀ ಹಿಮಪಾತ. ಮನೆಯಲ್ಲೇ ಸಿಕ್ಕಿಕೊಂಡ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ಅವರ ಗೆಳೆಯ ರ‍್ಯಾಂಡಿ ಸೂಸ್ ತಮ್ಮ ಕಂಪ್ಯೂಟರ್ ಕ್ಲಬ್ಬಿನ ನೋಟಿಸ್ ಬೋರ್ಡನ್ನೇ ಮನಸ್ಸಲ್ಲಿಟ್ಟುಕೊಂಡು ಒಂದು ವ್ಯವಸ್ಥೆ ಕಟ್ಟಿದ್ರು. ಹೆಸರೇ ‘ಕಂಪ್ಯೂಟರೈಸ್ಡ್ ಬುಲೆಟಿನ್ ಬೋರ್ಡ್ ಸಿಸ್ಟಂ’. ಫೆಬ್ರವರಿ 16ಕ್ಕೆ ಶುರುವಾಯ್ತು. ಬೋರ್ಡ್ ಅಂದಮೇಲೆ ಅದರ ಮೇಲೆ ಮಾಡೋ ಕೆಲಸ ‘ಪೋಸ್ಟ್’. ಆ ಪದ ಅಲ್ಲಿಂದ ಇಂಟರ್‌ನೆಟ್‌ನ ಮೂಳೆಗೇ ಇಳೀತು. ಟೆಕ್ ಓದೋರಿಗೆ ಗೊತ್ತಿರುತ್ತೆ: ನೀವು ಲಾಗಿನ್ ಒತ್ತಿದಾಗ, ಫಾರಂ ತುಂಬಿದಾಗ ಬ್ರೌಸರ್ ಸಾಮಾನ್ಯವಾಗಿ ಸರ್ವರ್‌ಗೆ ಕಳಿಸೋ ಆದೇಶದ ಹೆಸರು ‘ಪೋಸ್ಟ್’. 1996ರ ಎಚ್‌ಟಿಟಿಪಿ ದಾಖಲೆಯಲ್ಲಿ ಅದರ ಉಪಯೋಗಗಳ ಪಟ್ಟಿಯಲ್ಲಿ ಬುಲೆಟಿನ್ ಬೋರ್ಡಿಗೆ ಸಂದೇಶ ಹಚ್ಚೋದೂ ಇದೆ.

ನಿಮ್ಮ ಫೋನನ್ನೇ ತೆಗೆದು ನೋಡಿ, ಎರಡು ಮನೆತನ ಅಕ್ಕಪಕ್ಕದಲ್ಲೇ ಇವೆ. ಇಮೇಲ್‌ಗೆ ಲಕೋಟೆಯ ಚಿತ್ರ. ಇನ್‌ಬಾಕ್ಸ್, ಅಡ್ರೆಸ್, ಫಾರ್ವರ್ಡ್ ಎಲ್ಲ ಅಂಚೆಯ ಮಾತು. ಇನ್ನೊಂದು ಕಡೆ ‘ಪಿನ್ ಮಾಡು’, ‘ಪೋಸ್ಟ್ ಮಾಡು’. ಫೇಸ್‌ಬುಕ್ 2004ರಲ್ಲಿ ತಂದಿದ್ದಂತೂ ನೇರವಾಗಿ ‘ವಾಲ್’, ಗೋಡೆ. ಇವೆಲ್ಲ ಕಂಬದ ಮಾತು. ಅಂದಹಾಗೆ ‘ಮೇಲ್’ ಅನ್ನೋ ಪದಕ್ಕೆ ಮೂಲದಲ್ಲಿ ಚೀಲ ಅಂತ ಅರ್ಥ, ಪತ್ರ ಒಯ್ಯೋ ಚೀಲ. ಬ್ರಿಟಿಷರು ಪತ್ರಕ್ಕೆ ‘ಪೋಸ್ಟ್’ ಅಂತಾರೆ, ಆದ್ರೆ ಅವರ ಸಂಸ್ಥೆ ‘ರಾಯಲ್ ಮೇಲ್’. ಅಮೆರಿಕದವರು ‘ಮೇಲ್’ ಅಂತಾರೆ, ಅವರದ್ದು ‘ಪೋಸ್ಟಲ್ ಸರ್ವಿಸ್’. ಇದಕ್ಕೆ ನನ್ನ ಹತ್ತಿರ ಸಮಾಧಾನ ಇಲ್ಲ.

ಈ ಎರಡನ್ನ ಗೊಂದಲ ಮಾಡ್ಕೊಂಡ್ರೆ ಏನಾಗುತ್ತೆ? 2012ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ, ಒಬ್ಬ ನಾಯಕರ ನಿಧನದ ನಂತರ ಮುಂಬೈ ಬಂದ್ ಆಗಿದ್ದನ್ನ ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಕೆಲವು ಸಾಲು ಬರೆದ್ರು. ಗೆಳತಿ ಲೈಕ್ ಒತ್ತಿದ್ರು. ಇಬ್ಬರನ್ನೂ ಪೊಲೀಸರು ಬಂಧಿಸಿದ್ರು. ಗೆಳತಿಯರ ನಡುವೆ ಮಾತಾಡಿಕೊಳ್ಳೋ ದನಿಯಲ್ಲಿ ಬರೆದ ಸಾಲು ಊರ ಕಂಬದ ಮೇಲೆ ನೇತಾಡ್ತಿತ್ತು. ಆಮೇಲೆ ಕೇಸ್ ಕೈಬಿಟ್ರು. ಬಂಧನಕ್ಕೆ ಬಳಸಿದ ಐಟಿ ಕಾಯ್ದೆಯ 66ಎ ಕಲಮನ್ನ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ನನ್ನ ಅಭಿಪ್ರಾಯ ಕೇಳಿದ್ರೆ, ತಪ್ಪು ಆ ಹುಡುಗಿಯರದ್ದಲ್ಲ. ಕಂಬದ ಮೇಲೆ ತನ್ನ ಅನಿಸಿಕೆ ಹಚ್ಚೋ ಹಕ್ಕು ಷರೀಫನಿಗೆ ಮಾತ್ರ ಯಾಕಿರಬೇಕು?

ಹಾಗಂತ ಲಕೋಟೆಯ ಕಡೆ ಎಲ್ಲ ಭದ್ರ ಅಂತಲೂ ಅಲ್ಲ. ಬ್ರಿಟಿಷರ 1898ರ ಅಂಚೆ ಕಾಯ್ದೆಯ ಬದಲಿಗೆ ಬಂದ 2023ರ ಹೊಸ ಅಂಚೆ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗೆ ಅಂಚೆಯನ್ನ ತಡೆದು ತೆರೆಯೋ ಅಧಿಕಾರ ಇದರಲ್ಲೂ ಇದೆ. ವಾಟ್ಸ್‌ಆ್ಯಪ್ ಸಂದೇಶ ಕೀಲಿ ಹಾಕಿದ ಲಕೋಟೆಯಲ್ಲೇ ಹೋಗುತ್ತೆ. ಆದ್ರೆ ತಲುಪಿದವರು ಸ್ಕ್ರೀನ್‌ಶಾಟ್ ತೆಗೆದು ಸ್ಟೋರಿಗೆ ಹಾಕಿದ್ರೆ? ಒಂದೇ ಬೆರಳಲ್ಲಿ ಲಕೋಟೆ ಕಂಬಕ್ಕೆ ಹೋಯ್ತು. ಅಲ್ಲಿ ಗಸಗಸೆ ಇಟ್ಟು ಪ್ರಯೋಜನ ಇಲ್ಲ.

ಕಳೆದ ತಿಂಗಳು ಮತ್ತೆ ಊರಿಗೆ ಹೋಗಿದ್ದೆ. ಅಜ್ಜಿಯ ಕೋಣೆಯ ಮೊಳೆಗೆ ಒಂದು ಕೊಕ್ಕೆ ತಂತಿ ನೇತು ಹಾಕಿದೆ, ಹಳೇ ಕಾಗದಗಳನ್ನೆಲ್ಲ ಅದಕ್ಕೆ ಪೋಣಿಸಿಟ್ಟಿದ್ದಾರೆ. ತಾತ ಕೆಲಸದ ಮೇಲೆ ಹೊರಗಿದ್ದಾಗ ಬರೆದ ಇನ್‌ಲ್ಯಾಂಡ್ ಲೆಟರ್‌ಗಳು, ಅರಿಶಿನ ಮಾಸಿದ ಕಾರ್ಡುಗಳು. ಒಂದರ ಫೋಟೋ ತೆಗೆಯೋಕೆ ಹೋದೆ. ಅಜ್ಜಿ ಕೇಳಿದ್ರು: ‘ಇದನ್ನ ಯಾರಿಗೆ ತೋರಿಸ್ತೀಯ?’

ಫೋನ್ ಜೇಬಿಗೆ ಹಾಕ್ಕೊಂಡೆ. ‘ಬೇಡ, ನೀನೇ ಓದಿ ಹೇಳು’ ಅಂದೆ. ಅಜ್ಜಿ ಕನ್ನಡಕ ಹುಡುಕೋಕೆ ಒಳಗೆ ಹೋದ್ರು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೂ ಇಂಥ ಒಂದು ತಂತಿ ಇದ್ರೆ ನಮಗೆ ಬರೆದು ತಿಳಿಸಿ. ಕಾರ್ಡಲ್ಲಿ ಬರೆದ್ರೂ ಸರಿ, ಇಮೇಲ್ ಆದ್ರೂ ಸರಿ.